ಹಿಡಕಲ್ಲಿನ ಕಾಲನಿ ಯಾರಿಗಾಗಿ?

ಸರ್ಕಾರದ ಕೆಲಸ ಮುಗಿದ ನೆಲವನ್ನು ಮುಂದೇನು ಮಾಡಬೇಕೆಂಬ ಪ್ರಶ್ನೆ ನಾಡಿನಲ್ಲಿ ಹೊಸದಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ೨೦೦೨ರಲ್ಲಿ ಬಾಗಿಲು ಮುಚ್ಚಿದ ಎನ್.ಜಿ.ಇ.ಎಫ್. ಕಾರ್ಖಾನೆಯ ನೂರು ಎಕರೆಗೂ ಮಿಕ್ಕ ಜಾಗಕ್ಕೆ ಒಂದಾದ ಮೇಲೊಂದು ಯೋಜನೆ ಕೇಳಿಬಂದಿದೆ. ಉದ್ಯಾನ, ಉದ್ಯಮ, ಜನರ ವಿಹಾರ ಎಲ್ಲವೂ ಅಲ್ಲಿ ಒಂದೆಡೆ ಕೂಡಬೇಕೆಂಬುದು ಈಚಿನ ಆಶಯ. ರಾಜಧಾನಿಯ ನೆಲಕ್ಕೆ ಬೆಲೆಯುಂಟು. ಆದ್ದರಿಂದ ಅದನ್ನು ಕುರಿತು ಮಾತನಾಡುವವರೂ ಉಂಟು. ನಮ್ಮ ಹಿಡಕಲ್ಲಿನಂಥ ಊರಿನ ಪಾಡೇನು?

ಘಟಪ್ರಭೆಗೆ ಇಲ್ಲಿ ಕಟ್ಟಿದ, ರಾಜಾ ಲಖಮಗೌಡರ ಹೆಸರು ಹೊತ್ತ ಜಲಾಶಯವು ೫೧ ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ೧೯೭೭ರ ಹೊತ್ತಿಗೆ ಅಣೆಕಟ್ಟು ಎದ್ದುನಿಂತಿತು. ಅದನ್ನು ಕಟ್ಟಲು ಬಂದ ಎಂಜಿನಿಯರರಿಗೂ ನೌಕರರಿಗೂ ಒಂದು ಕಾಲನಿಯೇ ಎದ್ದಿತು. ಕೆಲಸ ಮುಗಿಯಿತು, ಕಟ್ಟಿದವರು ಬೇರೆ ಕಾಮಗಾರಿಗಳಿಗೆ ಹೊರಟುಹೋದರು. ಹೋಗಲಾರದವರು, ತಮ್ಮ ಹೊಲಮನೆಗಳನ್ನು ನೀರಿಗೆ ಒಪ್ಪಿಸಿದ ಸುತ್ತಿನ ಹಳ್ಳಿಗರು. ಬೇಸಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಇಂದಿಗೂ ತಲೆಯೆತ್ತುತ್ತದೆ.

ಕನ್ನಡ ಪಾಠ ಹೇಳುವ ನನಗೆ ಎರಡು ಶಬ್ದಗಳು ಕಾಡುತ್ತವೆ. ಮುಳುಗಡೆಯಾದವರಿಗೆ ‘ಪುನರ್ವಸತಿ’ ಎಂದೆವು; ಬರಿದಾದ ಸರ್ಕಾರಿ ನೆಲಕ್ಕೆ ‘ಪುನರಭಿವೃದ್ಧಿ’ ಎನ್ನುತ್ತೇವೆ. ಮೊದಲಿನದರಲ್ಲಿ ಹೆಸರಿಗಾದರೂ ವಸತಿಯಿತ್ತು. ಎರಡನೆಯದರಲ್ಲಿ ಮನುಷ್ಯ ವಾಸಿಸುವ ಸುಳಿವೇ ಇಲ್ಲ.

ಅಣೆಕಟ್ಟಿನ ಬಳಿ ಜಾಗವಿದೆಯೆಂದರೆ ನಮಗೆ ತಟ್ಟನೆ ತೋಚುವುದು ಉದ್ಯಾನ. ಕನ್ನಂಬಾಡಿಯಲ್ಲಿ ಬೃಂದಾವನ ಉಂಟು, ಆಲಮಟ್ಟಿಯಲ್ಲಿ ಬಣ್ಣದ ಕಾರಂಜಿ ಉಂಟು, ನಮಗೇಕೆ ಬೇಡ? ಬೇಡವೆಂದು ನಾನೆನ್ನುವುದಿಲ್ಲ, ಹೂವಿಗೆ ಯಾರ ಹಗೆತನ? ಆದರೆ ಭಾನುವಾರ ಟಿಕೀಟು ಮಾರಿ ಸೋಮವಾರ ಬೀಗ ಹಾಕುವ ತೋಟದಿಂದ ಊರು ಬೆಳೆಯದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಹಳ್ಳಿಯ ಶಾಲೆಗಳಲ್ಲಿ ಮಾಸ್ತರರಾಗಿದ್ದಾರೆ. ಬಾಡಿಗೆಗೆ ತಕ್ಕ ಮನೆ ಸಿಗದೆ ಪಟ್ಟಣದಿಂದ ಓಡಾಡುತ್ತಾರೆ. ಸಂಜೆಯ ಬಸ್ಸು ಹೊರಟಿತೆಂದರೆ ಊರಿನಲ್ಲಿ ಮಾಸ್ತರರೂ ಇಲ್ಲ, ದಾದಿಯೂ ಇಲ್ಲ. ಕಾಲನಿಯ ಮನೆಗಳು ಮೊದಲು ಇಂಥವರಿಗೆ ಬಾಡಿಗೆಗೆ ದೊರೆಯಲಿ. ಅದರ ಪಕ್ಕಕ್ಕೆ ಮೀನುಗಾರರಿಗೂ ಕಾಯಿಪಲ್ಲೆ ಬೆಳೆಯುವವರಿಗೂ ನೆರಳುಳ್ಳ ಸಂತೆಕಟ್ಟೆ, ರಾತ್ರಿ ಒಂಬತ್ತರವರೆಗೆ ತೆರೆದಿರುವ ವಾಚನಾಲಯ, ನಾಲ್ಕಾರು ಅಂಗಡಿಗಳು ಬರಲಿ. ತೋಟವೂ ಇರಲಿ. ಮನೆ, ದುಡಿಮೆ, ಓದು, ವಿಹಾರ ಕೂಡಿದ ಬಡಾವಣೆಯೆಂದರೆ ಇದೇ ಅಲ್ಲವೆ?

ಹಣವೆಲ್ಲಿಂದ ಎಂದು ಕೇಳುವವರಿದ್ದಾರೆ. ಖಾಸಗಿಯವರು ಬಂದರೆ ಬರಲಿ. ಆದರೆ ನೆಲವನ್ನು ಮಾರಕೂಡದು. ಗುತ್ತಿಗೆಗೆ ಕೊಡುವುದಾದರೆ ಎಷ್ಟು ಎಕರೆ, ಎಷ್ಟು ವರ್ಷ, ಯಾವ ಕರಾರು ಎಂಬುದನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಬರೆಯಿಸಬೇಕು. ಸಾರ್ವಜನಿಕ ಉದ್ದೇಶವೆಂದು ರೈತನಿಂದ ಪಡೆದ ಭೂಮಿಗೆ ಆ ಉದ್ದೇಶ ತೀರಿದ ಮೇಲೆ ಇನ್ನೊಂದು ಸಾರ್ವಜನಿಕ ಉದ್ದೇಶವೇ ಒದಗಬೇಕು. ಕೆಲಸದ ಪ್ರಗತಿಯನ್ನು ವೆಚ್ಚವಾದ ಕೋಟಿಗಳಲ್ಲಿ ಎಣಿಸದೆ, ಎಷ್ಟು ಮನೆಗಳಲ್ಲಿ ಒಲೆ ಉರಿಯಿತೆಂದು ಎಣಿಸಲಿ. ಮೊದಲ ಕಂತಿನ ಹಣದಲ್ಲಿ ಸ್ವಾಗತದ ಕಮಾನು ಬೇಡ. ಛಾವಣಿಗಳನ್ನು ದುರಸ್ತಿ ಮಾಡಿ ನಳಗಳಲ್ಲಿ ನೀರು ಬರಿಸಲಿ.