ಹೊಗೆಯ ವ್ಯಾಪಾರವೂ ಎಚ್‌ಐವಿ ಸೋಂಕಿತ ದುಡಿಮೆಗಾರನೂ

ಎಚ್‌ಐವಿ ಸೋಂಕಿತರ ಧೂಮಪಾನದ ವಿಷಯವು ವಾಣಿಜ್ಯ ಪತ್ರಿಕೆಯ ಪುಟಗಳಿಗೆ ಸಲ್ಲುವುದೇ ಎಂಬ ಅನುಮಾನ ಕೆಲವು ಸದಸ್ಯರಿಗಾದರೂ ಬರುವುದು ಸಹಜ. ಆದರೆ ಈ ವಿಷಯದ ಒಂದು ತುದಿ ಚಿಲ್ಲರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಯೂ, ಮತ್ತೊಂದು ತುದಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ಇದೆ. ನಾಗಮಂಗಲ ತಾಲ್ಲೂಕಿನ ದೇವಲಾಪುರದಂತಹ ಹೋಬಳಿ ಕೇಂದ್ರದಲ್ಲಿ ಈ ಎರಡು ತುದಿಗಳ ನಡುವಿನ ಅಂತರ ಕೆಲವೇ ಮಾರುಗಳಷ್ಟು.

ರಾಷ್ಟ್ರದಲ್ಲಿ ಸೋಂಕಿನ ಪ್ರಮಾಣ ಅಧಿಕವಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗುರುತಿಸಲ್ಪಟ್ಟಿದ್ದ ಕಾಲವನ್ನು ಹಿರಿಯ ವರ್ತಕರು ಮರೆತಿರಲಾರರು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರವು ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿತು. 2017ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ, ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯದೆ, ಔಷಧ ನೀಡುವ ನೀತಿ ಜಾರಿಗೆ ಬಂದಿತು. ಅಂದು ಇಪ್ಪತ್ತೈದರ ಹರೆಯದಲ್ಲಿ ಸೋಂಕಿಗೆ ಒಳಗಾಗಿ, ಚಿಕಿತ್ಸೆಯಿಂದ ಉಳಿದುಕೊಂಡವರು ಇಂದು ನಲವತ್ತೈದು, ಐವತ್ತರ ವಯಸ್ಸಿನವರು. ಅವರು ಲಾರಿ ಓಡಿಸುತ್ತಾರೆ, ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾರೆ, ಮಂಡಿಯಲ್ಲಿ ಮೂಟೆ ಹೊರುತ್ತಾರೆ, ಅಕ್ಕಿ ಗಿರಣಿಯಲ್ಲಿ ಪಾಳಿ ಮಾಡುತ್ತಾರೆ. ದೇಶದಲ್ಲಿ ಇಂಥವರ ಸಂಖ್ಯೆ 25 ಲಕ್ಷದ ಆಸುಪಾಸಿನಲ್ಲಿದೆ ಎಂಬುದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಅಂದಾಜು.

ನಿತ್ಯ ತಪ್ಪದೆ ಮಾತ್ರೆ ಸೇವಿಸುವ ಇವರ ಆಯುಸ್ಸನ್ನು ಈಗ ಕಡಿತಗೊಳಿಸುತ್ತಿರುವ ಮುಖ್ಯ ಕಾರಣಗಳಲ್ಲಿ ತಂಬಾಕು ಒಂದು. ಡೆನ್ಮಾರ್ಕಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಗಮನಾರ್ಹ: 35 ವರ್ಷದ ಸೋಂಕಿತ ಧೂಮಪಾನಿಯು ಸೋಂಕಿನಿಂದ ಸುಮಾರು 5 ವರ್ಷಗಳ ಆಯುಸ್ಸನ್ನು ಕಳೆದುಕೊಂಡರೆ, ಧೂಮಪಾನದಿಂದ ಕಳೆದುಕೊಳ್ಳುವುದು 12 ವರ್ಷಗಳಿಗೂ ಹೆಚ್ಚು. ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಪಾಲಿಸುವ ಸೋಂಕಿತ ಧೂಮಪಾನಿಯು ಏಡ್ಸ್ ಸಂಬಂಧಿ ಕಾರಣಗಳಿಗಿಂತ ಶ್ವಾಸಕೋಶದ ಕ್ಯಾನ್ಸರಿನಿಂದ ಮೃತನಾಗುವ ಸಂಭವ 6ರಿಂದ 13 ಪಟ್ಟು ಅಧಿಕವೆಂದು 2017ರಲ್ಲಿ ಅಮೆರಿಕದ ಸಂಶೋಧಕರು ಅಂದಾಜಿಸಿದರು. ಇವು ಕ್ಷಯರೋಗ ವಿರಳವಾಗಿರುವ ದೇಶಗಳ ಲೆಕ್ಕಗಳು. ನಮ್ಮಲ್ಲಿ ಸೋಂಕಿತರ ಸಾವಿಗೆ ಕ್ಷಯವೇ ಪ್ರಧಾನ ಕಾರಣಗಳಲ್ಲೊಂದಾಗಿದ್ದು, ಬೀಡಿ ಸಿಗರೇಟಿನ ಹೊಗೆಯು ಕ್ಷಯದ ಅಪಾಯವನ್ನು ಎರಡು ಪಟ್ಟಿಗೂ ಮೀರಿ ಹೆಚ್ಚಿಸುತ್ತದೆ. ಸರ್ಕಾರವು ಎರಡು ದಶಕಗಳಿಂದ ವೆಚ್ಚ ಮಾಡಿ ಉಳಿಸಿದ ಜೀವವನ್ನು ಒಂದು ಕಟ್ಟು ಬೀಡಿ ಹಿಂದಕ್ಕೆ ಪಡೆಯುತ್ತಿದೆ.

ಹಾಗಾದರೆ ಬೀಡಿ ಬಿಡಿಸಲು ವಿದೇಶಗಳಲ್ಲಿ ಬಳಕೆಯಲ್ಲಿರುವ ಇ-ಸಿಗರೇಟನ್ನು ಇಂಥವರಿಗಾದರೂ ಏಕೆ ಒದಗಿಸಬಾರದು ಎಂಬ ವಾದವಿದೆ. ಇದು ತಳ್ಳಿಹಾಕುವಂತಹ ವಾದವಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಯು ವಯಸ್ಕ ಧೂಮಪಾನಿಗಳಿಗೆ ಇದನ್ನು ಚಟ ಬಿಡುವ ಸಾಧನವಾಗಿ ಸೂಚಿಸುತ್ತದೆ. ನಿಕೋಟಿನ್ ಚ್ಯೂಯಿಂಗ್ ಗಮ್, ಪಟ್ಟಿಗಳಿಗಿಂತ ಇ-ಸಿಗರೇಟಿನ ನೆರವಿನಿಂದ ಧೂಮಪಾನ ತ್ಯಜಿಸಿದವರ ಪ್ರಮಾಣ ಹೆಚ್ಚೆಂದು ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಹೇಳುತ್ತದೆ. ಆದರೆ ಆ ಪ್ರಯೋಗಗಳು ನಡೆದದ್ದು ಬಹುಪಾಲು ಸಾಮಾನ್ಯ ಜನರ ನಡುವೆ. ಸೋಂಕಿತರ ಶ್ವಾಸಕೋಶದ ಮೇಲೆ ದೀರ್ಘಕಾಲದಲ್ಲಿ ಆಗುವ ಪರಿಣಾಮದ ಬಗ್ಗೆ ಆಧಾರಗಳು ತೀರ ಕಡಿಮೆ. ಮೇಲಾಗಿ, ಅವು ಪರೀಕ್ಷೆಗೊಳಪಟ್ಟ, ಕಾನೂನುಬದ್ಧ ಸರಕುಗಳಿಗೆ ಸಂಬಂಧಿಸಿದ ಫಲಿತಾಂಶಗಳು. ಭಾರತದಲ್ಲಿ ಮಾರಾಟವಾಗುವ ಇ-ಸಿಗರೇಟೆಲ್ಲವೂ ಕಳ್ಳಸರಕು. ಅದರೊಳಗಿನ ದ್ರಾವಣ ಏನೆಂದು ಮಾರುವವನೂ ಅರಿಯ, ಕೊಳ್ಳುವವನೂ ಅರಿಯ. 2019ರಲ್ಲಿ ಅಮೆರಿಕದಲ್ಲಿ ಕಲಬೆರಕೆ ದ್ರಾವಣಗಳ ಹೊಗೆ ಎಳೆದು 2,800ಕ್ಕೂ ಹೆಚ್ಚು ಮಂದಿ ತೀವ್ರ ಶ್ವಾಸಕೋಶದ ತೊಂದರೆಗೆ ತುತ್ತಾದರು, 60ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ರೋಗನಿರೋಧಕ ಶಕ್ತಿಯನ್ನು ಮಾತ್ರೆಯ ಬಲದಿಂದ ಕಾಯ್ದುಕೊಂಡಿರುವ ವ್ಯಕ್ತಿಗೆ ಅಂತಹ ಸರಕನ್ನು ಔಷಧವೆಂದು ನೀಡುವುದು ಸಾಹಸವೇ ಸರಿ.

ಕಾನೂನಿನ ಸ್ಥಿತಿ ಸುಸ್ಪಷ್ಟ. ಕರ್ನಾಟಕವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಕೇಂದ್ರ ಅಧಿನಿಯಮವು ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ಅಪರಾಧವಾಗಿಸಿದೆ. ಮಾರಾಟಕ್ಕೆ ಮೊದಲ ಬಾರಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ. ತಿಳಿದೂ ತಿಳಿದೂ ದಾಸ್ತಾನಿಗೆ ಜಾಗ ಕೊಟ್ಟ ಗೋದಾಮಿನ ಮಾಲೀಕನೂ ಈ ಅಧಿನಿಯಮದಡಿ ಶಿಕ್ಷಾರ್ಹ. ಪಾರ್ಸೆಲ್ ಕಚೇರಿ ನಡೆಸುವ ಸದಸ್ಯರು ಈ ಅಂಶವನ್ನು ಲಘುವಾಗಿ ಪರಿಗಣಿಸಬಾರದು.

ಆದಾಗ್ಯೂ ಈ ನಿಷೇಧವನ್ನೇ ದೊಡ್ಡ ಸಾಧನೆಯೆಂದು ಬಗೆಯುವುದು ಆತ್ಮವಂಚನೆಯಾದೀತು. 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇ-ಸಿಗರೇಟು ಸೇದುತ್ತಿದ್ದವರು ಶೇಕಡ 0.02ರಷ್ಟು, ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಪರೂಪದ ಸರಕಿಗೆ ಸೆರೆಮನೆ, ನಿತ್ಯದ ಸರಕಿಗೆ ರಿಯಾಯಿತಿ ಎಂಬ ಟೀಕೆಗೆ ಸರ್ಕಾರದ ಬಳಿ ಸಮಾಧಾನಕರ ಉತ್ತರವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿ.ಎಸ್.ಟಿ. ಮಂಡಳಿಯು ಬೀಡಿಯ ಮೇಲಿನ ತೆರಿಗೆ ದರವನ್ನು ಶೇಕಡ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿದ್ದು ಈ ಟೀಕೆಗೆ ಇನ್ನಷ್ಟು ಪುಷ್ಟಿ ನೀಡಿತು. ಬೀಡಿ ಕಟ್ಟುವ ಲಕ್ಷಾಂತರ ಮಹಿಳೆಯರ ಜೀವನೋಪಾಯದ ಕಾರಣ ಅದಕ್ಕಿದೆ ಎಂಬುದನ್ನು ಒಪ್ಪಿಕೊಂಡರೂ, ಆ ಬೀಡಿಯನ್ನು ಸೇದುವ ಎದೆಗೂಡಿಗೆ ತೆರಿಗೆಯ ತರ್ಕ ತಿಳಿಯದು.

ರಾಜ್ಯ ಸರ್ಕಾರವು ತಿದ್ದುಪಡಿ ಮಾಡಿದ ತಂಬಾಕು ಕಾಯ್ದೆಯು 2025ರ ಮೇ ತಿಂಗಳ ಕೊನೆಯಲ್ಲಿ ಜಾರಿಗೆ ಬಂದಿತು. 21 ವರ್ಷದೊಳಗಿನವರಿಗೆ ಮಾರಾಟವನ್ನೂ, ಶಿಕ್ಷಣ ಸಂಸ್ಥೆಗಳಿಂದ 100 ಮೀಟರ್ ಒಳಗಿನ ಮಾರಾಟವನ್ನೂ, ಸಿಗರೇಟನ್ನು ಬಿಡಿಯಾಗಿ ಮಾರುವುದನ್ನೂ ಅದು ನಿಷೇಧಿಸಿದೆ. ಬಿಡಿ ಮಾರಾಟದ ನಿಷೇಧದಿಂದ ಗೂಡಂಗಡಿಯವರಿಗೆ ಪೆಟ್ಟು ಬೀಳುತ್ತದೆಂಬ ಅಳಲು ನಿಜ. ಒಂದು ಸಿಗರೇಟು ಕೊಳ್ಳಲು ಬಂದವನೇ ಚಹಾ, ಬಿಸ್ಕತ್ತು, ಬಾಳೆಹಣ್ಣಿಗೂ ಗಿರಾಕಿ. ಆದರೆ ಚಟ ಬಿಡಬೇಕೆಂದು ಬೆಳಿಗ್ಗೆ ಸಂಕಲ್ಪ ಮಾಡಿದವನನ್ನು ಸಂಜೆ ಸೋಲಿಸುವುದೂ ಆ ಒಂದು ಬಿಡಿ ಸಿಗರೇಟೇ. ಪೂರ್ತಿ ಪ್ಯಾಕಿನ ಬೆಲೆ ತೆರುವಾಗ ಕೈ ಒಂದು ಕ್ಷಣ ತಡೆಯುತ್ತದೆ; ಕಾಯ್ದೆಯ ಉದ್ದೇಶವೂ ಆ ಕ್ಷಣವೇ.

ಇನ್ನು ಉದ್ಯೋಗದಾತರ ಮಾತು. ಇಲ್ಲಿ ಸೂಕ್ಷ್ಮವೊಂದಿದೆ. ತಮ್ಮ ಘಟಕದಲ್ಲಿ ಸೋಂಕಿತರಿದ್ದರೆ ಅವರಿಗೆ ಬೀಡಿ ಬಿಡಿಸಲು ನೆರವಾಗೋಣ ಎಂದು ಸದುದ್ದೇಶದ ಮಾಲೀಕರು ಯೋಚಿಸಬಹುದು. ಸೋಂಕಿತರು ಯಾರೆಂದು ವಿಚಾರಿಸಲು ಹೊರಟ ಕ್ಷಣವೇ ಆ ನೆರವು ಹಾನಿಯಾಗಿ ಪರಿಣಮಿಸುತ್ತದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮದ ಅನ್ವಯ ಕೆಲಸಕ್ಕೆ ಸೇರಿಸಿಕೊಳ್ಳಲು ಸೋಂಕಿನ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವಂತಿಲ್ಲ, ಸೋಂಕಿನ ಕಾರಣದಿಂದ ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ, ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ನೂರು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆಯು ದೂರು ಅಧಿಕಾರಿಯನ್ನು ನೇಮಿಸಬೇಕು. ಕಾನೂನು ಹಾಗಿರಲಿ, ನಾಲ್ಕು ಬೀದಿಗಳ ಊರಿನಲ್ಲಿ ಗುಮಾಸ್ತೆಯೊಬ್ಬನಿಗೆ ತಿಳಿದ ಸಂಗತಿ ಸಂಜೆಯ ಹೊತ್ತಿಗೆ ಎಲ್ಲರಿಗೂ ತಿಳಿಯುತ್ತದೆ. ಗುಟ್ಟು ರಟ್ಟಾದೀತೆಂಬ ಅಂಜಿಕೆಗೆ ಸಿಕ್ಕಿದ ಕಾರ್ಮಿಕ ಮೊದಲು ಬಿಡುವುದು ಬೀಡಿಯನ್ನಲ್ಲ, ಮಾತ್ರೆಯನ್ನು.

ಆದ್ದರಿಂದ ತಂಬಾಕು ತ್ಯಜಿಸುವ ನೆರವನ್ನು ಎಲ್ಲ ಕಾರ್ಮಿಕರಿಗೂ, ಯಾವ ಕಾರಣವನ್ನೂ ಕೇಳದೆ ಒದಗಿಸುವುದೊಂದೇ ಸರಿಯಾದ ಮಾರ್ಗ. ಎಲ್ಲರಿಗಾಗಿ ಇಟ್ಟದ್ದನ್ನು ಸೋಂಕಿತನೂ ಅಂಜಿಕೆಯಿಲ್ಲದೆ ತೆಗೆದುಕೊಳ್ಳುತ್ತಾನೆ. ಇದಕ್ಕೆ ದೊಡ್ಡ ವೆಚ್ಚವೂ ತಗಲದು. ಎರಡು ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿಯಿಲ್ಲದೆಯೇ ಔಷಧ ಅಂಗಡಿಯಲ್ಲಿ ದೊರೆಯುತ್ತದೆ. 2022ರ ರಾಷ್ಟ್ರೀಯ ಅವಶ್ಯಕ ಔಷಧ ಪಟ್ಟಿಯಲ್ಲಿಯೂ ನಿಕೋಟಿನ್ ಬದಲಿ ಚಿಕಿತ್ಸೆಗೆ ಸ್ಥಾನ ದೊರೆತಿದೆ. ಬೇರೆ ಮಾತ್ರೆಗಳ ಅಗತ್ಯವಿದ್ದಲ್ಲಿ ಅವು ಎ.ಆರ್.ಟಿ. ಔಷಧದೊಡನೆ ಹೊಂದುತ್ತವೆಯೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಾಲೀಕರಾಗಲಿ ಮೇಸ್ತ್ರಿಯಾಗಲಿ ಅದರಲ್ಲಿ ತಲೆಹಾಕುವುದು ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೂಲಕ ಕನ್ನಡದಲ್ಲಿಯೂ ಸಲಹೆ ನೀಡುವ ರಾಷ್ಟ್ರೀಯ ಉಚಿತ ದೂರವಾಣಿ ಸೇವೆಯ ಸಂಖ್ಯೆ 1800-11-2356. ಇದೇ ಸಂಖ್ಯೆ 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೂ ಮುದ್ರಿತವಾಗುತ್ತಿದೆ.

ಉಳಿದದ್ದು ರಜೆಯ ಪ್ರಶ್ನೆ. ದೇವಲಾಪುರದ ಕಡೆಯವರು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಎ.ಆರ್.ಟಿ. ಕೇಂದ್ರಕ್ಕೆ ಹೋಗಿ ಮಾತ್ರೆ ತರಬೇಕಾದರೆ ಬಸ್ಸಿನ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಸುಳ್ಳು ಹೊಂದಿಸುವ ಕಷ್ಟ ಬೇರೆ. ತಿಂಗಳಿಗೆ ಒಂದು ದಿನ, ಕಾರಣ ಕೇಳದೆ, ಕೂಲಿ ಕಡಿಯದೆ ಎಲ್ಲ ಕೆಲಸಗಾರರಿಗೂ ಆಸ್ಪತ್ರೆಯ ರಜೆ ನೀಡುವ ಪದ್ಧತಿಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಗಿರಣಿ ಹಾಗೂ ಆಲೆಮನೆಗಳ ಮಾಲೀಕರು ಬರುವ ಹಂಗಾಮಿನಿಂದಲೇ ಆರಂಭಿಸಬಹುದು. ಒಬ್ಬೊಬ್ಬರೇ ಮಾಡಿದರೆ ಪಕ್ಕದ ಘಟಕದವರ ಟೀಕೆಗೆ ಗುರಿಯಾಗುತ್ತಾರೆಂಬ ಅಳುಕಿದ್ದಲ್ಲಿ, ವಾಣಿಜ್ಯ ಸಂಸ್ಥೆಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬಗ್ಗೆ ನಿರ್ಣಯ ಮಂಡಿಸುವುದು ಸೂಕ್ತ.