ಬಿಚ್ಚದ ಬುತ್ತಿ

ಕಳೆದ ಬೇಸಿಗೆಯ ಒಂದು ಸಂಜೆ ನಾವು ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ನಗರದ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುವ, ನಮಗೆ ಪರಿಚಯವಿದ್ದ ಕುಟುಂಬದ ಹೆಣ್ಣುಮಗಳೊಬ್ಬಳು ಮುಂದಿನ ಆಸನದಲ್ಲಿ ಕುಳಿತು ಬುತ್ತಿಯ ಗಂಟು ಬಿಚ್ಚಿದಳು. ಬೆಳಗಿನ ಜಾವ ತಟ್ಟಿದ ಜೋಳದ ರೊಟ್ಟಿ ಸೆಟೆದು ನಿಂತಿತ್ತು; ಪಲ್ಯ ಹಳಸಿತ್ತು. ಇಷ್ಟು ಹೊತ್ತಿನಲ್ಲಿ ಊಟವೇನಮ್ಮಾ ಎಂದು ಕೇಳಿದೆವು. "ಗಿರಾಕಿ ಭಾಳ ಇದ್ರು ಫಾದರ್. ಬುತ್ತಿ ಬಿಚ್ಚಲಾಕ ಹೊತ್ತೇ ಸಿಗಲಿಲ್ರಿ" ಎಂದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಹಸಿವು ಸಹಜ, ಕಾಯುವುದೂ ಸಹಜ ಎಂಬ ಒಪ್ಪಿಗೆ ಇತ್ತು. ನಮ್ಮನ್ನು ನೋಯಿಸಿದ್ದು ಆ ಒಪ್ಪಿಗೆಯೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಬಳಿಕ ಬಸ್ಸಿನ ದರದ ಚಿಂತೆಯಿಲ್ಲದೆ ಹಳ್ಳಿಯ ಹೆಣ್ಣುಮಕ್ಕಳು ನಗರದ ಕೆಲಸಕ್ಕೆ ಬರುವಂತಾಗಿದೆ. ಇದು ಸಂತೋಷದ ಸಂಗತಿ. ಆದರೆ ಬಸ್ಸಿನಲ್ಲಿ ದೊರೆತ ಆಸನ ಅವರಿಗೆ ಅಂಗಡಿಯಲ್ಲಿ ದೊರೆತಿದೆಯೇ? ಮಧ್ಯಾಹ್ನ ಕುಳಿತು ನಾಲ್ಕು ತುತ್ತು ಉಣ್ಣುವ ಬಿಡುವು ದೊರೆತಿದೆಯೇ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕರ್ನಾಟಕದ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 9ನೆಯ ಕಲಮಿನಂತೆ ಯಾವ ನೌಕರನನ್ನೂ ಒಂದೇ ಸಮನೆ ಐದು ಗಂಟೆಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ಅದರೊಳಗೆ ಕನಿಷ್ಠ ಒಂದು ಗಂಟೆಯ ವಿರಾಮ ಕೊಡಲೇಬೇಕು. ಕಾರ್ಖಾನೆಗಳಿಗೆ 1948ರ ಕಾಯಿದೆಯು ಐದು ಗಂಟೆಯೊಳಗೆ ಅರ್ಧ ಗಂಟೆಯ ವಿರಾಮವನ್ನು ವಿಧಿಸಿತ್ತು. 2023ರಲ್ಲಿ ನಮ್ಮ ರಾಜ್ಯವು ತಿದ್ದುಪಡಿ ತಂದು ಆ ಐದನ್ನು ಆರಕ್ಕೆ ಏರಿಸಲು ದಾರಿ ಮಾಡಿಕೊಟ್ಟಿತು. 2025ರ ನವೆಂಬರ್ 21ರಂದು ಆ ಹಳೆಯ ಕಾಯಿದೆಯ ಸ್ಥಾನಕ್ಕೆ ಬಂದ ಕೇಂದ್ರದ ಸಂಹಿತೆಯು ವಿರಾಮದ ಅವಧಿಯನ್ನು ಸರಕಾರದ ಅಧಿಸೂಚನೆಗೆ ಬಿಟ್ಟಿದೆ. ಹೀಗೆ ಬಿಡುವೆಂಬುದು ಹಿಗ್ಗಿಸಬಹುದಾದ, ಕುಗ್ಗಿಸಬಹುದಾದ ವಸ್ತುವಾಗುತ್ತಿರುವಾಗ ಆತ್ಮಸಾಕ್ಷಿ ಎಚ್ಚರವಾಗಿರಬೇಕು.

ನಮ್ಮ ಸೀಮೆಯ ಬಿಸಿಲನ್ನು ಬಲ್ಲ ಸರಕಾರವು ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ಶಾಲೆಯ ಮಕ್ಕಳ ಹಸಿವನ್ನು ಅರಿತು 2002ರಲ್ಲಿ ಅಕ್ಷರ ದಾಸೋಹವನ್ನು ಆರಂಭಿಸಿದ್ದೂ ನಮ್ಮ ಜಿಲ್ಲೆಯೂ ಸೇರಿದ್ದ ಈಶಾನ್ಯ ಭಾಗದಲ್ಲಿಯೇ. ಅಧಿಕಾರಿಗೆ ತಾಗುವ ಬಿಸಿಲು ಅಂಗಡಿಯ ಆಳಿಗೆ ತಾಗದೇ? ಮಗುವಿಗೆ ಆಗುವ ಹಸಿವು ತಾಯಿಗೆ ಆಗದೇ?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಗುಲಾಮನನ್ನು ಜೀವವುಳ್ಳ ಉಪಕರಣವೆಂದು ಬಗೆದನು. ಉಪಕರಣಕ್ಕೆ ಹಸಿವಿಲ್ಲ; ಅದು ಕೆಡುವವರೆಗೆ ಬಳಸಬಹುದು. ಅದೇ ಅರಿಸ್ಟಾಟಲನಿಂದ ಬಹಳಷ್ಟನ್ನು ಕಲಿತ ಸಂತ ಥಾಮಸ್ ಅಕ್ವಿನಾಸರು ಮನುಷ್ಯನು ಬರಿಯ ಆತ್ಮವಲ್ಲ, ದೇಹಾತ್ಮಗಳ ಐಕ್ಯವೆಂದು ಬೋಧಿಸಿದರು. ಹಾಗಿದ್ದ ಮೇಲೆ ದೇಹವನ್ನು ಹಸಿವಿನಲ್ಲಿ ನಿಲ್ಲಿಸುವವನು ವ್ಯಕ್ತಿಯನ್ನೇ ಅವಮಾನಿಸುತ್ತಾನೆ.

ಧರ್ಮೋಪದೇಶಕಾಂಡದಲ್ಲಿ ಸಬ್ಬತ್ತಿನ ಆಜ್ಞೆಗೆ ಕೊಟ್ಟ ಕಾರಣ ಗಮನಾರ್ಹವಾದುದು: ಯಜಮಾನನಂತೆಯೇ ದಾಸನೂ ದಾಸಿಯೂ ವಿಶ್ರಮಿಸಬೇಕು, ಏಕೆಂದರೆ ಯಜಮಾನನೂ ಒಮ್ಮೆ ಈಜಿಪ್ಟಿನಲ್ಲಿ ದಾಸನಾಗಿದ್ದನು. ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೂ ಕುಕ್ಕೆ ಕಟ್ಟಬಾರದೆಂಬುದು ಅದೇ ಗ್ರಂಥದ ವಿಧಿ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಬಂದು ಹೋಗುವ ಜನರ ಗದ್ದಲದಲ್ಲಿ ಪ್ರೇಷಿತರಿಗೆ ಊಟಕ್ಕೂ ಬಿಡುವಿಲ್ಲದಿರುವುದನ್ನು ಕಂಡು ಯೇಸುಸ್ವಾಮಿಯು ಅವರನ್ನು ವಿಶ್ರಾಂತಿಗೆ ಕರೆಯುತ್ತಾರೆ. ಬಳಿಕ ಹಸಿದ ಜನಸ್ತೋಮವನ್ನೂ ಮೊದಲು ಹಸಿರು ಹುಲ್ಲಿನ ಮೇಲೆ ಕುಳ್ಳಿರಿಸಿಯೇ ಉಣಬಡಿಸುತ್ತಾರೆ. ಗಿರಾಕಿಗಳ ಗದ್ದಲವು ಪ್ರಭುವಿಗೆ ಊಟ ತಪ್ಪಿಸಲು ಕಾರಣವಾಗಲಿಲ್ಲ.

ಮಾಲೀಕರಿಗೂ ತಮ್ಮ ವಾದವಿದೆ. ಮಧ್ಯಾಹ್ನವೇ ಗಿರಾಕಿ ಬರುವ ಹೊತ್ತು. ಇಬ್ಬರೇ ಆಳುಗಳಿರುವ ಸಣ್ಣ ಅಂಗಡಿಯಲ್ಲಿ ಒಬ್ಬರು ಎದ್ದರೆ ವ್ಯಾಪಾರ ನಿಲ್ಲುತ್ತದೆ. ನಾವೂ ಎಷ್ಟೋ ದಿನ ಹಸಿದೇ ಗಲ್ಲೆಯ ಮುಂದೆ ಕುಳಿತಿರುತ್ತೇವೆ ಎನ್ನುತ್ತಾರೆ. ಈ ಕಷ್ಟ ಸುಳ್ಳಲ್ಲ. ಆದರೆ ಮಾಲೀಕನು ತನ್ನ ಲಾಭಕ್ಕಾಗಿ ತಾನೇ ಹಸಿದಿರುವುದು ಬೇರೆ, ಅನ್ಯರನ್ನು ಹಸಿದಿಡುವುದು ಬೇರೆ. ಸರದಿಯ ಮೇಲೆ ಒಬ್ಬೊಬ್ಬರನ್ನು ಕಳುಹಿಸಿದರೆ ಅಂಗಡಿಯ ಬಾಗಿಲು ಮುಚ್ಚಬೇಕಾಗಿಲ್ಲ. ಗಿರಾಕಿಗಳಾದ ನಾವೂ ಹತ್ತು ನಿಮಿಷ ಕಾಯಬಲ್ಲೆವು.

ಇನ್ನೊಂದು ವಾದ ಇನ್ನೂ ಸೂಕ್ಷ್ಮವಾದುದು: ಬೇಗ ಮನೆಗೆ ಹೋಗಲೆಂದು ಕೆಲಸದವರೇ ಬಿಡುವು ಬೇಡವೆನ್ನುತ್ತಾರೆ, ಒಪ್ಪಿಕೊಂಡ ಮೇಲೆ ಅನ್ಯಾಯವೆಲ್ಲಿ? ಇದಕ್ಕೆ ಜಗದ್ಗುರು ಹದಿಮೂರನೆಯ ಲಿಯೋರವರು 1891ರ ಮೇ 15ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿಯೇ ಉತ್ತರಿಸಿದ್ದಾರೆ. ಅಗತ್ಯದ ಒತ್ತಡದಿಂದ, ಇನ್ನೂ ಕೆಟ್ಟದ್ದು ಆದೀತೆಂಬ ಭಯದಿಂದ ಮಾಡಿದ ಒಪ್ಪಂದವು ನ್ಯಾಯವಾಗದು ಎಂದವರು ಕೂಲಿಯ ವಿಷಯದಲ್ಲಿ ಹೇಳಿದರು. ದುಡಿಮೆಯಲ್ಲಿ ಸವೆದ ಶಕ್ತಿಗೆ ತಕ್ಕ ವಿಶ್ರಾಂತಿ ಸಲ್ಲಬೇಕೆಂದೂ ಅಲ್ಲಿಯೇ ಬೋಧಿಸಿದರು. ಕೆಲಸ ಹೋದೀತೆಂದು ಅಂಜುವವಳ ‘ಬೇಡ’ ಎಂಬ ಮಾತನ್ನು ಸ್ವತಂತ್ರ ಸಮ್ಮತಿಯೆನ್ನಲಾಗದು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಧರಿಸಲು ಆ ವಿಶ್ವಪತ್ರವೇ ಒಂದು ಮುಖ್ಯ ಕಾರಣವೆಂಬುದನ್ನು ನೆನೆಯಬೇಕು.

ನೆರೆಯವರಿಂದಲೂ ಕಲಿಯುವುದಿದೆ. ಕೋಳಿಕ್ಕೋಡಿನ ಅಂಗಡಿಗಳ ಮಹಿಳೆಯರು ದನಿಯೆತ್ತಿದ್ದರಿಂದಲೇ 2018ರಲ್ಲಿ ಕೇರಳವು ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡು ಅನುಸರಿಸಿತು. ಅಷ್ಟು ದೂರವೇಕೆ? ಕಾಯಕದ ಜೊತೆಗೆ ದಾಸೋಹವನ್ನು ಕಲಿಸಿದ ಶರಣರ ಕಲ್ಯಾಣವು ಕಮಲಾಪುರದ ಹೆದ್ದಾರಿಯ ದಿಕ್ಕಿನಲ್ಲಿಯೇ ಇದೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರು ನಮ್ಮದು. ಕಮಲಾಪುರದ ಹೊಲಗಳಲ್ಲಿ ಮಧ್ಯಾಹ್ನವಾದರೆ ಎತ್ತಿನ ಕೊರಳು ಬಿಚ್ಚಿ, ಆಳುಗಳು ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದು ಹಿರಿಯರು ಇಟ್ಟ ರೂಢಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಒಡೆಯನೂ ಆಳೂ ಒಟ್ಟಿಗೆ ಕುಳಿತು ಬಜ್ಜಿ ರೊಟ್ಟಿ ಉಣ್ಣುವ ಈ ನೆಲಕ್ಕೆ ನೆರಳಿನ ಬೆಲೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಪರರಿಗೆ ಹೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಅಂದಿನ ಬಸ್ ಪ್ರಯಾಣದ ಬಳಿಕ ಬಂದ ಧರ್ಮಕೇಂದ್ರದ ಹಬ್ಬದಲ್ಲಿ ಬಲಿಪೂಜೆ, ಸನ್ಮಾನ, ಭೋಜನಗಳೆಲ್ಲ ಸಾಂಗವಾಗಿ ನಡೆದವು. ಸಂಜೆ ನಾಲ್ಕರ ವೇಳೆಗೆ ಅಡಿಗೆಮನೆಯತ್ತ ಹೋದಾಗ, ಮುಂಜಾನೆಯಿಂದ ಒಲೆಯ ಮುಂದಿದ್ದ ಹೆಂಗಸರು ಪಾತ್ರೆಯ ತಳದಲ್ಲಿ ಉಳಿದುದನ್ನು ನಿಂತೇ ಉಣ್ಣುತ್ತಿದ್ದರು. ಅಂಗಡಿಯ ಮಾಲೀಕನ ಮೇಲೆ ಮುನಿದಿದ್ದ ನಾವು ಅಲ್ಲಿ ತಲೆ ತಗ್ಗಿಸಿದೆವು. ಎಲ್ಲರಿಗೂ ಒಂದೇ ಮೇಜೆಂದು ಪೀಠದಿಂದ ಸಾರಿ ಎರಡು ಗಂಟೆಗಳೂ ಕಳೆದಿರಲಿಲ್ಲ. ಮುಂದಿನ ಹಬ್ಬದಿಂದ ಅಡಿಗೆಯವರು ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣುವುದೆಂದು ನಿಶ್ಚಯಿಸಿದ್ದೇವೆ.

ನಮ್ಮ ಶಾಲೆ, ಆಸ್ಪತ್ರೆ, ವಸತಿನಿಲಯಗಳಲ್ಲಿ ಕಸಗುಡಿಸುವವರು, ಆಯಾಗಳು, ಕಾವಲುಗಾರರು ಎಷ್ಟು ಹೊತ್ತಿಗೆ, ಎಲ್ಲಿ ಕುಳಿತು ಉಣ್ಣುತ್ತಾರೆ? ಈ ಪ್ರಶ್ನೆಯನ್ನು ಪ್ರತಿಯೊಂದು ಧರ್ಮಕೇಂದ್ರವೂ ಈ ವಾರ ಕೇಳಿಕೊಳ್ಳಲಿ. ಅಂಗಡಿ, ಬೇಳೆ ಗಿರಣಿಗಳನ್ನು ನಡೆಸುವ ಬಾಂಧವರು ಊಟದ ವೇಳೆಯನ್ನು ಬರೆದು ಗೋಡೆಗೆ ತೂಗುಹಾಕಲಿ. ಕುಳಿತುಕೊಳ್ಳಲು ಒಂದು ಬೆಂಚು, ಕುಡಿಯಲು ಒಂದು ಕೊಡ ತಣ್ಣೀರು ಇಡಲಿ. ಮನೆಗೆಲಸದವಳು ಇರುವ ಮನೆಯ ಯಜಮಾನಿ ಅವಳ ಊಟವಾಯಿತೇ ಎಂದು ಕೇಳಲಿ. ಇವುಗಳ ಖರ್ಚು ಅಲ್ಪ. ಆ ಹೆಣ್ಣುಮಗಳು ತನ್ನ ಬುತ್ತಿಯನ್ನು ಮಧ್ಯಾಹ್ನವೇ ಬಿಚ್ಚುವಂತಾದರೆ, ಸಂಜೆಯ ಬಸ್ಸಿನಲ್ಲಿ ಅವಳು ನಿದ್ದೆಯನ್ನಾದರೂ ಮಾಡಬಹುದು.