ತಿರುಳೊಂದು, ಪಾಠ ಹಲವು

ಹಳಗನ್ನಡ ಕಾವ್ಯಗಳನ್ನು ಬೋಧಿಸುವವನಿಗೆ ಪಾಠಾಂತರಗಳ ತೊಡಕು ಹೊಸದಲ್ಲ. ಓಲೆಪ್ರತಿಗಳು ಹಲವಿದ್ದಾಗ ಯಾವುದನ್ನು ಆಧಾರವಾಗಿ ಹಿಡಿಯಬೇಕೆಂಬ ಪ್ರಶ್ನೆ ಏಳುತ್ತದೆ. ಕಳೆದ ವರ್ಷ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ನಮ್ಮ ಮನೆಗೆ ಬಂದಿತು. ನನ್ನ ಮಗನು ಆಟಗಳಿಗೆಂದು ನಿಘಂಟಿನಷ್ಟು ಗಾತ್ರದ ಗಣಕಯಂತ್ರವೊಂದನ್ನು ತಂದು ಅದಕ್ಕೆ ಲಿನಕ್ಸ್ ಅಳವಡಿಸಿದನು. ಹೆಸರುವಾಸಿಯೆಂಬ ಒಂದೇ ಕಾರಣಕ್ಕೆ ಆರಿಸಿದ ಆ ವಿತರಣೆಯು ಒಂದು ಸಂಜೆಯ ನವೀಕರಣದ ಬಳಿಕ ಕಣ್ತೆರೆಯಲೇ ಇಲ್ಲ. ಪರೀಕ್ಷೆಗೆಂದು ಬರೆದಿಟ್ಟ ಟಿಪ್ಪಣಿಗಳೂ ಅದರೊಳಗೇ ಸಿಲುಕಿದವು.

ಲಿನಕ್ಸೆಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ತಿರುಳು ಮಾತ್ರ. ಅದಕ್ಕೆ ಉಪಕರಣಗಳನ್ನು ಕೂಡಿಸಿ, ಸಂಸ್ಕರಿಸಿ ಕೊಡುವ ಸಂಪಾದಕರು ಅನೇಕರು. ಒಬ್ಬೊಬ್ಬರ ಆವೃತ್ತಿಯೂ ಒಂದೊಂದು ವಿತರಣೆ. ಆಟಗಳಲ್ಲಿ ಬಹುಪಾಲು ವಿಂಡೋಸಿಗಾಗಿ ರಚಿತವಾದವು. ಅವುಗಳನ್ನು ಲಿನಕ್ಸಿನಲ್ಲಿ ನಡೆಸಲು ವಾಲ್ವ್ ಸಂಸ್ಥೆಯು 2018ರಲ್ಲಿ ಪ್ರೋಟಾನ್ ಎಂಬ ದುಭಾಷಿಯನ್ನು ಒದಗಿಸಿತು. ಆದುದರಿಂದ ಇಂದು ಯಾವ ವಿತರಣೆಯಲ್ಲಾದರೂ ಆಟ ನಡೆದೀತು. ಕೆಟ್ಟಾಗ ಗತಿಯೇನೆಂಬುದೇ ಪ್ರಶ್ನೆ.

ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿಯನ್ನು ಕೊಡುತ್ತದೆ. ಕಚೇರಿಯ ಕೆಲಸಕ್ಕೆ ಈ ನಿಧಾನ ಹಿತವಾದರೂ ಹೊಸ ಗ್ರಾಫಿಕ್ಸ್ ಚಿಪ್ಪಿಗೆ ಒಮ್ಮೊಮ್ಮೆ ಸಾಲದು. ಆರ್ಚ್ ಸದಾ ಹೊಸತು. ಆದರೆ ಅದರ ಜತನದ ಹೊಣೆ ಬಹುಮಟ್ಟಿಗೆ ಬಳಸುವವನದೇ. ಆರ್ಚನ್ನು ಆಧರಿಸಿದ ಸ್ಟೀಮ್‌ಓಎಸ್, ಫೆಡೋರಾವನ್ನು ಆಧರಿಸಿದ ಬಜೈಟ್ ಇವೆರಡೂ ಆಟಕ್ಕೆಂದೇ ಸಿದ್ಧವಾದವು. ಇವುಗಳಲ್ಲಿ ವ್ಯವಸ್ಥೆಯ ಮೂಲಭಾಗವನ್ನು ಸುಲಭವಾಗಿ ತಿದ್ದಲಾಗದು. ನವೀಕರಣವು ಇಡಿಯಾಗಿ ಬರುತ್ತದೆ. ಅದು ಕೆಟ್ಟರೆ ಹಿಂದಿನ ಪ್ರತಿಗೆ ಮರಳಬಹುದು. ಸ್ಟೀಮ್‌ಓಎಸ್ ಎಎಂಡಿ ಚಿಪ್ಪುಗಳಿಗೆ ಹೆಚ್ಚು ಒಗ್ಗುತ್ತದೆ. ಎನ್‌ವಿಡಿಯಾ ಚಿಪ್ಪುಳ್ಳವರಿಗೆ ಬಜೈಟಿನಲ್ಲಿ ಪ್ರತ್ಯೇಕ ಪ್ರತಿಯುಂಟು.

ಒಳಗನ್ನು ಬಿಚ್ಚಿ ಕಲಿಯಬೇಕೆಂಬವನಿಗೆ ಈ ಕಟ್ಟು ಬಿಗಿಯೆನಿಸೀತು. ಅಂಥವನು ಆರ್ಚನ್ನೇ ಹಿಡಿಯಲಿ. ಅದೂ ಒಂದು ವಿದ್ಯೆಯೇ. ಆದರೆ ಮನೆಮಂದಿಯೆಲ್ಲ ನೆಚ್ಚಿರುವ ಒಂದೇ ಯಂತ್ರದಲ್ಲಿ ಆ ಪ್ರಯೋಗ ಸಲ್ಲದು. ಮರಳುವ ದಾರಿಯುಳ್ಳ ವಿತರಣೆಯೇ ಅಲ್ಲಿ ಉಚಿತವೆಂಬುದು ನನ್ನ ಮತ.

ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮಕ್ಕಳಿಗೆ ಇಂತಹ ಯಂತ್ರ ಕೊಡಿಸುವ ತಂದೆತಾಯಿಗಳು. ಅವರಲ್ಲಿ ನನ್ನ ವಿನಂತಿ ಎರಡು. ವ್ಯಾಲರಂಟ್‌ನಂತಹ ಕೆಲವು ಸ್ಪರ್ಧಾ ಆಟಗಳು ಮೋಸ ತಡೆಯುವ ಕಾವಲಿನ ನಿಮಿತ್ತ ಲಿನಕ್ಸಿನಲ್ಲಿ ನಡೆಯವು. ಮಗುವಿನ ಇಷ್ಟದ ಆಟ ಯಾವುದೆಂದು ಮೊದಲೇ ಕೇಳಿರಿ. ಹಿಂದಿನ ಪ್ರತಿಗೆ ಮರಳುವ ಸೌಕರ್ಯವು ವ್ಯವಸ್ಥೆಗೆ ಮಾತ್ರ; ಬರೆದ ಟಿಪ್ಪಣಿಗಳಿಗೆ ಬೇರೊಂದೆಡೆ ನಕಲಿರಲಿ. ಒಂದೇ ಓಲೆಯನ್ನು ನಂಬಿ ಎಷ್ಟು ಗ್ರಂಥಗಳು ಅಳಿದವೆಂಬುದನ್ನು ನಾವು ಬಲ್ಲೆವಷ್ಟೆ.